ಅಪ್ಪನಿಗೆ ಎಂಡೋಸ್ಕೋಪಿ ಮಾಡಿಸಿ ಅಂದಿದ್ದಾರೆ, ಸ್ಕ್ಯಾನಿಂಗ್ ಸಾಕಾಗಲ್ವಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 58 ವರ್ಷ. ನಾಲ್ಕು ತಿಂಗಳಿಂದ ಎದೆಗುಂಡಿಗೆ ಕೆಳಗೆ ಉರಿ, ಅರ್ಧ ಮುದ್ದೆ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು ಎಂದು ಏಳುತ್ತಾರೆ. ಮೊದಲಿಂದಲೂ ‘ನಂಗೆ ಗ್ಯಾಸ್ಟ್ರಿಕ್’ ಎಂದೇ ಹೇಳಿಕೊಂಡು ಬಂದವರು, ಹಾಗಾಗಿ ಮೆಡಿಕಲ್ ಶಾಪಿನಿಂದ ತಾವೇ ಪ್ಯಾನ್ ಡಿ ಎಂಬ ಗ್ಯಾಸ್ ಮಾತ್ರೆ ತಂದು ದಿನಾ ಬೆಳಿಗ್ಗೆ ನುಂಗುತ್ತಾರೆ, ನಾಲ್ಕು ದಿನ ಪರವಾಗಿಲ್ಲ ಅನಿಸುತ್ತದೆ, ಮತ್ತೆ ಶುರು. ಪಂಚೆ ನಿಲ್ಲುತ್ತಿಲ್ಲ ಎಂದು ಅಮ್ಮ ಹೇಳಿದ ಮೇಲೆ ತೂಕ ನೋಡಿಸಿದೆವು. 71 ಕೆಜಿ ಇದ್ದವರು 65 ಆಗಿದ್ದಾರೆ. ಡಾಕ್ಟರು ಅದನ್ನು ಕೇಳಿದ ತಕ್ಷಣ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ, ಬರೆದುಕೊಟ್ಟರು. ಅಪ್ಪ ಒಪ್ಪುತ್ತಿಲ್ಲ. ಪೈಪು ಇಳಿಸಿದರೆ ಉಸಿರು ಕಟ್ಟುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಅದರ ಬದಲು ಸ್ಕ್ಯಾನಿಂಗ್ ಮಾಡಿಸಿದರೆ ಆಗಲ್ವಾ? ಗೊತ್ತಿರುವವರು ಹೇಳಿ, ರಾತ್ರಿ ನಿದ್ದೆ ಬರುತ್ತಿಲ್ಲ.

ಹೊಂಗೆನೆರಳು:
ದಯವಿಟ್ಟು ಮಾಡಿಸಿ, ಮುಂದಕ್ಕೆ ಹಾಕಬೇಡಿ. ನಮ್ಮ ಅಮ್ಮನಿಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8. ಊರಿನ ಕ್ಲಿನಿಕ್ಕಿನಲ್ಲಿ ಒಂದು ವರ್ಷ ಬರೀ ಕಬ್ಬಿಣದ ಮಾತ್ರೆ ಕೊಟ್ಟರು, ರಕ್ತ ಯಾಕೆ ಕಮ್ಮಿಯಾಗುತ್ತಿದೆ ಎಂದು ಅವರೂ ಹುಡುಕಲಿಲ್ಲ, ನಾವೂ ಕೇಳಲಿಲ್ಲ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುವುದು ಸಹಜ ಅಲ್ವಾ, ಅಮ್ಮನಿಗೂ ಹಾಗೇ ಇರಬೇಕು ಎಂದುಕೊಂಡೆವು. ಆದರೆ ಅದು ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತಿತ್ತಂತೆ, ನಾಚಿಕೆಗೆ ನಮ್ಮ ಹತ್ತಿರ ಹೇಳಿರಲಿಲ್ಲ. ಅದು ರಕ್ತ. ಕೊನೆಗೆ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಕಂಡಿತು, ಅಲ್ಲಿಂದಲೇ ಚಿಕ್ಕ ತುಣುಕು ತೆಗೆದು ನೋಡಿದರು, ಹುಣ್ಣಿಗೆ ಕಾರಣವಾಗುವ ಎಚ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇತ್ತು. 14 ದಿನದ ಮಾತ್ರೆ ಕೋರ್ಸ್, ಆಮೇಲೆ ಬ್ಯಾಕ್ಟೀರಿಯಾ ಹೋಗಿದೆಯಾ ಎಂದು ಇನ್ನೊಂದು ಪರೀಕ್ಷೆ. ಈಗ ಆರಾಮಾಗಿದ್ದಾರೆ. ಆ ಒಂದು ವರ್ಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಿಳಿಸೀರೆ:
ನಾನು 11 ವರ್ಷದಿಂದ ಎಂಡೋಸ್ಕೋಪಿ ರೂಮಿನಲ್ಲಿ ನರ್ಸ್. ಮೊದಲು ಸ್ಕ್ಯಾನಿಂಗ್ ಮಾತು. ಪಿತ್ತಕೋಶದ ಕಲ್ಲು, ಲಿವರ್ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಜಠರದ ಒಳಪದರದ ಹುಣ್ಣು ಅದಕ್ಕೆ ಸಿಗುವುದು ಕಷ್ಟ. ತುಣುಕು ತೆಗೆಯುವುದಂತೂ ಆಗುವುದೇ ಇಲ್ಲ. ನಿಮ್ಮ ಅಪ್ಪನ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಪ್ರಯತ್ನ ಪಡದೆ ಆರು ಕೆಜಿ ಇಳಿದಿದೆ, ಬೇಗ ಹೊಟ್ಟೆ ತುಂಬುತ್ತಿದೆ. ಎಂಡೋಸ್ಕೋಪಿ ಮಾಡಿಸಲು ಇಷ್ಟು ಸಾಕು. ನುಂಗಲು ತಡೆಯುವುದು, ರಕ್ತ ವಾಂತಿ, ಕಪ್ಪು ಮಲ, ಬಿಡದ ವಾಂತಿ, ಇವೂ ಹಾಗೇ, ಮಾತ್ರೆ ನುಂಗಿಕೊಂಡು ಕಾಯುವ ವಿಷಯಗಳಲ್ಲ. ರಕ್ತ ವಾಂತಿ ಅಥವಾ ಕಪ್ಪು ಮಲ ಕಂಡರೆ ಅದೇ ದಿನ ಎಮರ್ಜೆನ್ಸಿಗೆ ಹೋಗಿ. ಇನ್ನೊಂದು ಮಾತು, ಗ್ಯಾಸ್ ಮಾತ್ರೆಯಿಂದ ಉರಿ ಕಮ್ಮಿಯಾಯಿತು ಅಂದರೆ ಒಳಗೆ ಏನೂ ಇಲ್ಲ ಎಂದು ಅರ್ಥವಲ್ಲ, ಕ್ಯಾನ್ಸರ್ ಹುಣ್ಣಿನ ನೋವನ್ನೂ ಅದು ಸ್ವಲ್ಪ ದಿನ ಮುಚ್ಚಿಡಬಹುದು.

ಉಸಿರು ಕಟ್ಟುವುದಿಲ್ಲ. ಪೈಪು ಹೋಗುವುದು ಅನ್ನನಾಳದಲ್ಲಿ, ಶ್ವಾಸನಾಳ ಬೇರೆ. ದಪ್ಪ ಸುಮಾರು ಒಂದು ಸೆಂಟಿಮೀಟರ್, ನಮ್ಮ ಕಿರುಬೆರಳಿಗಿಂತ ತೆಳು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತೇವೆ, ಎಡಗಡೆ ಮಲಗಿಸುತ್ತೇವೆ. ಇಳಿಸುವಾಗ ಒಂದೆರಡು ಸಲ ವಾಕರಿಕೆ ಬರುತ್ತದೆ, ಅದು ನಿಜ, ಸುಳ್ಳು ಹೇಳಲ್ಲ. ಮೂಗಿನಲ್ಲಿ ನಿಧಾನಕ್ಕೆ ಉಸಿರಾಡಿದರೆ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ತುಣುಕು ತೆಗೆದಿದ್ದು ಗೊತ್ತೇ ಆಗಲ್ಲ. ತುಂಬಾ ಭಯ ಇದ್ದರೆ ಮಂಪರು ಬರುವ ಇಂಜೆಕ್ಷನ್ ಕೇಳಿ, ಆದರೆ ಆಗ ಜೊತೆಗೆ ಒಬ್ಬರು ಇರಲೇಬೇಕು, ಅವತ್ತು ಗಾಡಿ ಓಡಿಸಬಾರದು.

ಒಂದು ಪ್ರಶ್ನೆ: ಅಪ್ಪ ನೋವಿನ ಮಾತ್ರೆ ಏನಾದರೂ ತಿನ್ನುತ್ತಾರಾ? ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ?

ಕಾಫಿಗಿಡ:
ನನಗೆ 27. ಎದೆಯುರಿ ಬಂದಾಗ ಗಾಬರಿಯಾಗಿ ನಾನೇ ಎಂಡೋಸ್ಕೋಪಿ ಮಾಡಿ ಎಂದು ಹಠ ಹಿಡಿದೆ. ಡಾಕ್ಟರು ಸುಮ್ನೆ ಬೇಡ ಎಂದರು. ಮಲದ ಪರೀಕ್ಷೆಯಲ್ಲೇ ಎಚ್ ಪೈಲೋರಿ ನೋಡಿ, ಇಲ್ಲ ಎಂದು ಬಂದ ಮೇಲೆ ಮಾತ್ರೆ ಕೊಟ್ಟರು, ರಾತ್ರಿ ಊಟ ಬೇಗ ಮಾಡು ಎಂದರು, ವಾಸಿಯಾಯಿತು. ಎಲ್ಲರಿಗೂ ಪೈಪು ಹಾಕಬೇಕಾಗಿಲ್ಲ ಅಲ್ವಾ?

ಬಿಳಿಸೀರೆ:
ಹೌದು, ನಿಮ್ಮ ವಿಷಯದಲ್ಲಿ ಅದೇ ಸರಿ. ಚಿಕ್ಕ ವಯಸ್ಸು, ತೂಕ ಇಳಿದಿಲ್ಲ, ರಕ್ತ ಹೋಗಿಲ್ಲ. ಇವರ ಅಪ್ಪನದು ಬೇರೆ ಕಥೆ.

ತುಂಗಾತೀರ:
ನೀವು ಕೇಳಿದ್ದು ಒಳ್ಳೆಯದಾಯಿತು. ಮಂಡಿ ನೋವಿಗೆ ಎಂದು ಅಪ್ಪ ಡೈಕ್ಲೋಫಿನ್ಯಾಕ್ ತಿನ್ನುತ್ತಿದ್ದರಂತೆ, ದಿನಕ್ಕೆ ಒಂದು, ಯುಗಾದಿಯಿಂದ! ಬೀರುವಿನಲ್ಲಿ ಖಾಲಿ ಪಟ್ಟಿ ಸಿಕ್ಕಿತು. ಬೇರೆ ಮಾತ್ರೆ ಇಲ್ಲ, ಶುಗರ್ ಇಲ್ಲ.

ಬಿಳಿಸೀರೆ:
ಹುಣ್ಣಿಗೆ ಅದೊಂದು ದೊಡ್ಡ ಕಾರಣ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಅದನ್ನು ಮುಂದುವರಿಸಬೇಡಿ. ಹಾಗಂತ ಕಾರಣ ಸಿಕ್ಕಿತು, ಪರೀಕ್ಷೆ ಬೇಡ ಎಂದುಕೊಳ್ಳಬೇಡಿ, ತೂಕ ಇಳಿದಿದೆ. ಪ್ಯಾನ್ ಡಿ ದಿನಾ ತಿನ್ನುವುದನ್ನೂ ಹೇಳಿ. ಅದನ್ನು ತಿನ್ನುತ್ತಿರುವಾಗ ಎಚ್ ಪೈಲೋರಿ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಎಂದು ವರದಿ ಬರಬಹುದು.

ತುಂಗಾತೀರ:
ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬರೆಸಿದ್ದೇನೆ. ನೀವು ಬರೆದಿದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ, ಮಂಪರು ಇಂಜೆಕ್ಷನ್ ಕೊಡುವುದಾದರೆ ಬರುತ್ತೇನೆ ಎಂದರು. ಹಿಂದಿನ ರಾತ್ರಿ ಊಟ ಮಾಡಬಹುದಾ? ಮುಗಿದ ಮೇಲೆ ಕಾಫಿ ಯಾವಾಗ ಎಂದೂ ಕೇಳುತ್ತಿದ್ದಾರೆ.

ಬಿಳಿಸೀರೆ:
ರಾತ್ರಿ ಎಂಟರೊಳಗೆ ಹಗುರವಾಗಿ ಊಟ ಮುಗಿಸಲಿ, ಆಮೇಲೆ ಏನೂ ತಿನ್ನುವುದು ಬೇಡ, ನೀರು ಎಷ್ಟು ಹೊತ್ತಿನವರೆಗೆ ಎಂದು ಅಲ್ಲಿಯವರು ಹೇಳುತ್ತಾರೆ. ಮುಗಿದ ಮೇಲೆ ಗಂಟಲ ಮರಗಟ್ಟು ಪೂರ್ತಿ ಹೋಗಲಿ, ಹೆಚ್ಚು ಕಮ್ಮಿ ಒಂದು ಗಂಟೆ. ಮೊದಲು ಒಂದು ಗುಟುಕು ನೀರು ಕೊಟ್ಟು ನೋಡಿ. ಕೆಮ್ಮು ಬರದಿದ್ದರೆ ಕಾಫಿ ಕೊಡಬಹುದು, ಬಿಸಿ ಆರಿಸಿ.