ಸಹಾಯ ಬೇಕು: ಕುಡಿತದ ಬಗ್ಗೆ ಕೆಲಸಗಾರರ ಜೊತೆ ಕನ್ನಡದಲ್ಲಿ ಮಾತಾಡುವವರು

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಲೇತ್, ಪವರ್ ಪ್ರೆಸ್ ಮೇಲೆ ಕೆಲಸ. ರಾತ್ರಿ ಜಾಸ್ತಿ ಕುಡಿದರೆ ಅದರ ಅಮಲು ಬೆಳಗಿನ ಶಿಫ್ಟಿಗೂ ಉಳಿದಿರುತ್ತದೆ. ಪ್ರೆಸ್ ಮುಂದೆ ಗಮನ ಒಂದು ಕ್ಷಣ ತಪ್ಪಿದರೂ ಬೆರಳು ಹೋಗುತ್ತದೆ. ಇತ್ತೀಚೆಗೆ ಕೆಲವು ಹುಡುಗರಲ್ಲಿ ಗಾಂಜಾ ಅಭ್ಯಾಸವೂ ಕಾಣುತ್ತಿದೆ.

ಕೆಲಸದಿಂದ ತೆಗೆಯುವುದು ಸುಲಭ. ಅದರಿಂದ ಕುಡಿತ ನಿಲ್ಲುವುದಿಲ್ಲ, ಮನೆಯವರು ಬೀದಿಗೆ ಬೀಳುತ್ತಾರೆ ಅಷ್ಟೇ. ಸುಮ್ನೆ ಬೈಯುವ ಭಾಷಣವೂ ಬೇಡ. ಇದು ಚಿಕಿತ್ಸೆ ಇರುವ ಕಾಯಿಲೆ ಅಂತ ಸರಳವಾಗಿ ಹೇಳಬಲ್ಲವರು ಬೇಕು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಸಲಹೆಯಲ್ಲೇ ಬಿಡಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ ಅಲ್ವಾ?

ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಸಿಗುತ್ತದೆ ಅಂತಲೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನೂ ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ಭಯ ಹೋಗಿಲ್ಲ. ಚಿಕಿತ್ಸೆಗೆ ಹೋದವರ ಕೆಲಸ ಉಳಿಸುತ್ತೇವೆ ಅಂತ ಬರೆದುಕೊಡಲು ನಾವು ತಯಾರಿದ್ದೇವೆ. ಅಂಥ ನಿಯಮ ನಿಮ್ಮ ಕಂಪನಿಯಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ.

ಕುಡಿತ ಬಿಟ್ಟು ಈಗ ಕೆಲಸ ಮಾಡುತ್ತಿರುವ ಯಾರಾದರೂ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು. ಹೆಸರು ಹೇಳಬೇಕಿಲ್ಲ. ಈ ಮಾತುಕತೆಯನ್ನು ಸಂಬಳದ ದಿನಕ್ಕೆ ಮೊದಲೇ ಮಾಡುವ ಆಸೆ. ಗೊತ್ತಿದ್ದವರು ಮೆಸೇಜ್ ಮಾಡಿ.