ಮಕ್ಕಳ ಜೊತೆ ಕನ್ನಡ ಸಿನಿಮಾ: ನಮ್ಮ ಮನೆಯಲ್ಲಿ ಯಾವುದು ಹಿಡಿಸಿತು, ಯಾವುದು ಇಲ್ಲ

ಮಕ್ಕಳಿಗೆ ಯಾವ ಕನ್ನಡ ಸಿನಿಮಾ ತೋರಿಸೋಣ ಅಂತ ನಮ್ಮಲ್ಲಿ ಯಾರಾದರೂ ಕೇಳಿದರೆ ಮೊದಲ ಉತ್ತರ ಕಾಂತಾರ. ಎರಡನೆಯದು ಕೆಜಿಎಫ್. ಎರಡೂ ನನಗೂ ಇಷ್ಟವೇ. ಆದರೆ ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಶುರುವಿನಲ್ಲೇ ತೋರಿಸಬೇಕಾದ ಸಿನಿಮಾ ಇವಲ್ಲ ಅನ್ನುವುದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬನ್ನಿ, ಆದರೆ ಪೂರ್ತಿ ಓದಿಕೊಂಡು ಬನ್ನಿ.

ನಮ್ಮ ಮನೆಯಲ್ಲಿ ಇಬ್ಬರು. ಮಗಳಿಗೆ ಹದಿಮೂರು, ಮಗನಿಗೆ ಎಂಟು. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಗ ಅಜ್ಜಿಯ ವೀಡಿಯೊ ಕಾಲ್ ಬಂದಾಗ ಮಾತ್ರ ಕನ್ನಡಿಗ. ನಿಮ್ಮ ಮನೆಯ ಕಥೆಯೂ ಹೆಚ್ಚು ಕಡಿಮೆ ಇದೇ ಇರಬಹುದು.

2025ರ ಅಕ್ಟೋಬರ್‌ನಲ್ಲಿ ಕಾಂತಾರ ಚಾಪ್ಟರ್ 1 ಬಂದಾಗ ನಾವೂ ಎಲ್ಲರ ಹಾಗೆ ಥಿಯೇಟರಿಗೆ ಹೋದೆವು. ದೊಡ್ಡ ಪರದೆಯ ಮೇಲೆ ಕನ್ನಡ ಕೇಳುವ ಖುಷಿಯೇ ಬೇರೆ. ಸಿನಿಮಾ ಅದ್ಧೂರಿಯಾಗಿದೆ, ಕಾಡನ್ನು ತೋರಿಸಿರುವ ರೀತಿಗೆ ಎರಡು ಮಾತಿಲ್ಲ. ಆದರೂ ನನಗೆ 2022ರ ಮೊದಲ ಕಾಂತಾರವೇ ಹೆಚ್ಚು ಆಪ್ತ. ಅದರಲ್ಲಿ ಕಂಬಳ ಇತ್ತು, ಹೆಂಡ ಇತ್ತು, ಅಮ್ಮನ ಬೈಗುಳ ಇತ್ತು, ಊರವರಿಗೂ ಅರಣ್ಯ ಇಲಾಖೆಗೂ ನಡೆಯುವ ಜಟಾಪಟಿ ಇತ್ತು. ಎರಡನೆಯದರಲ್ಲಿ ರಾಜರು ಜಾಸ್ತಿ, ಊರು ಕಡಿಮೆ. ಮಗಳಿಗೆ ಯುದ್ಧ ಇಷ್ಟವಾಯಿತು. ಮಗ ಆ ರಾತ್ರಿ ದಿಂಬು ಎತ್ತಿಕೊಂಡು ನಮ್ಮ ಮಂಚಕ್ಕೇ ಬಂದ. ಅಂದಹಾಗೆ, 2024ರಿಂದ ಭಾರತದ ಸೆನ್ಸಾರ್ ಮಂಡಳಿ ಯುಎ (ಚಿಕ್ಕವರಿಗೆ ಪೋಷಕರ ಮಾರ್ಗದರ್ಶನ ಬೇಕು) ಅನ್ನುವ ಒಂದೇ ದರ್ಜೆಯನ್ನು 7+, 13+, 16+ ಅಂತ ಮೂರಾಗಿ ಮಾಡಿದೆ. ಚಿಕ್ಕವರನ್ನು ಕರೆದುಕೊಂಡು ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ.

ಆಮೇಲೆ ಶುರುವಾಯಿತು ಪ್ರಶ್ನೆ: "ಅದು ದೇವರಾ, ದೆವ್ವಾನಾ?" ನಾವು ಬಯಲುಸೀಮೆಯವರು. ಕಾಂತಾರದಲ್ಲಿ ಬರುವ ಭೂತಕೋಲ, ಅಂದರೆ ತುಳುನಾಡಿನ ದೈವಾರಾಧನೆ, ಅದರ ಬಗ್ಗೆ ನಮಗೆ ಗೊತ್ತಿರುವುದೂ ಸಿನಿಮಾದಿಂದಲೇ. ಸುಮ್ನೆ ಏನೋ ಹೇಳುವ ಬದಲು ಮಂಗಳೂರು ಕಡೆಯ ಗೆಳೆಯರೊಬ್ಬರಿಗೆ ಫೋನ್ ಹಚ್ಚಿಕೊಟ್ಟೆ. ದೈವ ಅಂದರೆ ದೆವ್ವ ಅಲ್ಲ, ಪಂಜುರ್ಲಿ ಅಂದರೆ ಕಾಡುಹಂದಿಯ ರೂಪದ ದೈವ, ಕೋಲದಲ್ಲಿ ದೈವ ನುಡಿ ಕೊಡುತ್ತದೆ, ಮನೆ ಜಗಳ, ಜಾಗದ ತಕರಾರು ಎಲ್ಲ ಅಲ್ಲಿಗೆ ಬರುತ್ತದೆ ಅಂತ ಅವರು ನಿಧಾನವಾಗಿ ಹೇಳಿದರು. "ಹಾಗಾದ್ರೆ ಅದು ಕೋರ್ಟಾ?" ಅಂದಳು ಮಗಳು. ಅವರು ನಕ್ಕು, "ನಮ್ಮ ಅಜ್ಜಿಗೆ ಕೋರ್ಟಿಗಿಂತ ಅದರ ಮೇಲೇ ನಂಬಿಕೆ" ಅಂದರು. ಟಿಕೆಟ್ ದುಡ್ಡು ವಸೂಲಾಗಿದ್ದು ಆ ಫೋನಿನಲ್ಲಿ.

ಇಲ್ಲೇ ಇನ್ನೊಂದು ಮಾತು. ರಾಜ್ಯೋತ್ಸವದ ಸ್ಟೇಜಿಗೆ ಮಕ್ಕಳಿಗೆ ದೈವದ ಬಣ್ಣ ಬಳಿದು, ಆ ಕೂಗು ಹಾಕಿಸಿ ಡಾನ್ಸ್ ಮಾಡಿಸುವುದು ದಯವಿಟ್ಟು ಬೇಡ. ದೈವವನ್ನು ಅನುಕರಿಸಬೇಡಿ ಅಂತ ಚಿತ್ರತಂಡದವರೇ ಕೇಳಿಕೊಂಡಿದ್ದಾರೆ. ತುಳುನಾಡಿನವರು ನಮ್ಮ ನಡುವೆಯೂ ಇದ್ದಾರೆ. ಚಪ್ಪಾಳೆ ಹೊಡೆಯುತ್ತಲೇ ಒಳಗೊಳಗೇ ನೊಂದುಕೊಳ್ಳುತ್ತಾರೆ.

ಮನೆಯಲ್ಲಿ ನಿಜವಾಗಿ ಗೆದ್ದಿದ್ದು ಸು ಫ್ರಮ್ ಸೋ. ಅದೂ 2025ರದ್ದೇ, ಜುಲೈನಲ್ಲಿ ಬಂದಿದ್ದು. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನೋ ಹುಡುಗನ ಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬಿಬಿಡುತ್ತದೆ. ದೊಡ್ಡ ಹೀರೋ ಇಲ್ಲ, ಕಟೌಟ್ ಇಲ್ಲ. ಪ್ರತಿಯೊಬ್ಬರಿಗೂ ಪಕ್ಕದ ಮನೆಯ ವಿಷಯವೇ ಬೇಕು. ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ ಇದ್ದಾರಲ್ಲ, ಅವರನ್ನು ನೋಡಿ ಮಗ ನಮ್ಮ ಸಂಘದ ಒಬ್ಬ ಅಂಕಲ್ ಹೆಸರು ಹೇಳಿದ. ಯಾರು ಅಂತ ಹೇಳಲ್ಲ, ಪಿಕ್‌ನಿಕ್ ಆದರೂ ಮದುವೆ ಆದರೂ ಅವರೇ ಮೈಕ್ ಹಿಡಿಯೋದು. ಎರಡನೇ ಭಾಗದಲ್ಲಿ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುತ್ತದೆ. ಅಲ್ಲಿ ಸ್ವಲ್ಪ ಅವಸರ ಆಯಿತು ಅನ್ನಿಸಿತು. ಕೆಲವು ಜೋಕು ದೊಡ್ಡವರದ್ದು, ಚಿಕ್ಕವರಿಗೆ ತಲೆಯ ಮೇಲೆ ಹಾರಿಹೋಗುತ್ತದೆ, ಗಾಬರಿ ಬೇಡ. ಹೀಗೆ ಸುಳ್ಳು ಹೇಳುವ, ಹೆದರುವ, ಪೇಚಿಗೆ ಸಿಕ್ಕುವ ಕನ್ನಡದವರನ್ನು ನಮ್ಮ ಮಕ್ಕಳು ನೋಡುವುದೇ ಕಡಿಮೆ. ನಾವು ಅವರಿಗೆ ತೋರಿಸುವುದೆಲ್ಲ ವೀರರು, ಸಂತರು, ಅಜ್ಜ ಅಜ್ಜಿ.

ಶಾಲೆಗೆ ಹೋಗುವ ಮಕ್ಕಳಿರುವ ಎಲ್ಲರಿಗೂ ನಾನು ಹೇಳುವುದು ಇನ್ನೆರಡು ಸಿನಿಮಾ. ಒಂದು, 2018ರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಅಲ್ಲಿನ ಕನ್ನಡ ಶಾಲೆಗಳು ಅಲ್ಲೇ ಉಳಿದವು. ಅಂಥ ಒಂದು ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುತ್ತಾರೆ. ಮಕ್ಕಳಿಗೆ ಅವರ ಮಾತು ಅರ್ಥವಾಗದು, ಅವರಿಗೆ ಮಕ್ಕಳದ್ದು. ಮೊದಲ ಭಾಗದ ತರಲೆ ಬಲು ಚೆಂದ. ಕೋರ್ಟಿನ ಭಾಗ ಭಾಷಣ ಆಯಿತು, ಅನಂತ್ ನಾಗ್ ಇಲ್ಲದಿದ್ದರೆ ಕಷ್ಟವಿತ್ತು. ಆದರೆ ಮಗಳಿಗೆ ವಿಚಿತ್ರ ಅನ್ನಿಸಿದ್ದೇ ಬೇರೆ. ಇಂಡಿಯಾದಲ್ಲಿ ಇದ್ದೂ ಮನೆಯ ಭಾಷೆ ಒಂದು, ಹೊರಗಿನದು ಇನ್ನೊಂದು ಆಗಿರುವ ಮಕ್ಕಳಿದ್ದಾರೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಈ ಗೊಂದಲ ತನ್ನೊಬ್ಬಳದೇ ಅಂದುಕೊಂಡಿದ್ದಳು.

ಇನ್ನೊಂದು, 2023ರ ಡೇರ್‌ಡೆವಿಲ್ ಮುಸ್ತಾಫಾ. ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿಸಿದ್ದು. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಉಳಿದವರಿಗೆ ಅವನೆಂದರೆ ಕುತೂಹಲ, ಅನುಮಾನ, ಹೆದರಿಕೆ. ನಾನು, ನನ್ನ ಹೆಂಡತಿ ಇಬ್ಬರೂ ಇದನ್ನು ಉಳಿದ ಹುಡುಗರ ಬೆಂಚಿನಲ್ಲಿ ಕೂತು ನೋಡಿದೆವು. ನಮ್ಮ ಕಾಲೇಜು ನೆನಪಾಯಿತು, ನಕ್ಕೆವು. ಮಗಳು ನೋಡಿದ್ದು ಮುಸ್ತಾಫಾನ ಬೆಂಚಿನಿಂದ. ಅವಳ ಶಾಲೆಯಲ್ಲಿ ಹೊಸ ಟೀಚರ್ ಹಾಜರಿ ಕೂಗುವಾಗ ಇವಳ ಹೆಸರು ಬಂದ ಕೂಡಲೇ ನಿಲ್ಲುತ್ತಾರಂತೆ. ಆ ಒಂದು ಕ್ಷಣ ತರಗತಿ ಪೂರ್ತಿ ತಿರುಗಿ ನೋಡುತ್ತದೆ. ಇವಳು ಟೀಚರ್ ಬಾಯಿ ತೆರೆಯುವ ಮುಂಚೆಯೇ ಕೈ ಎತ್ತಿಬಿಡುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಇದು ನಮಗೆ ಗೊತ್ತಾಗಿದ್ದು ಈ ಸಿನಿಮಾ ಮುಗಿದ ಮೇಲೆ, ಪಾತ್ರೆ ತೊಳೆಯುವಾಗ. "ಸ್ಕೂಲ್ ಹೇಗಿತ್ತು?" ಅಂತ ದಿನಾ ಕೇಳಿದರೂ ಬರದ ಉತ್ತರ.

ನಾವು ಹುಟ್ಟಿದ ಊರಿನಲ್ಲಿ ಎಲ್ಲರಂತೆ ಬೆಳೆದವರು. ಮಕ್ಕಳು ಇಲ್ಲಿ ಬೆಳೆಯುತ್ತಿರುವುದು ಹಾಗಲ್ಲ. ಒಂದೇ ಸೋಫಾ, ಒಂದೇ ಸಿನಿಮಾ, ನೋಡುವ ಕಣ್ಣು ಬೇರೆ. ಅದಕ್ಕೇ ಸಿನಿಮಾ ಮುಗಿದ ಕೂಡಲೇ "ನೋಡಿದ್ಯಾ ನಮ್ಮ ಸಂಸ್ಕೃತಿ" ಅಂತ ನಾವೇ ಶುರು ಮಾಡಬಾರದು. ಅವರಿಗೆ ಏನು ಕಂಡಿತು ಅಂತ ಕೇಳಬೇಕು, ಅಲ್ವಾ?

ಹಳೆಯದರಲ್ಲಿ ಬೆಟ್ಟದ ಹೂವು. 1985ರದ್ದು. ಪುನೀತ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ. ಬಡವರ ಮನೆಯ ರಾಮು ಕಾಡಿನಲ್ಲಿ ಅಪರೂಪದ ಹೂವು ಹುಡುಕಿ ತಂದು ವಿದೇಶಿ ಮೇಡಂ ಒಬ್ಬರಿಗೆ ಕೊಟ್ಟು ಕಾಸು ಕೂಡಿಡುತ್ತಾನೆ. ಅವನಿಗೆ ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಕೊಳ್ಳಬೇಕು. ಕೊನೆಗೆ ಆ ದುಡ್ಡಿನಲ್ಲಿ ಅವನು ತರುವುದು ಮನೆಯವರಿಗೆ ಕಂಬಳಿ. ನಮಗೆ ಗಂಟಲು ಕಟ್ಟಿತ್ತು. ಮಗ ಶಾಂತವಾಗಿ ಕೇಳಿದ, "ಲೈಬ್ರರಿಲಿ ಸಿಗಲ್ವಾ ಆ ಬುಕ್ಕು?" ಇಲ್ಲಿನ ಮಗುವಿಗೆ ಅದು ಸಹಜ ಪ್ರಶ್ನೆ. ಮನೆಯಲ್ಲಿ ಹೊದಿಕೆಗೂ ದುಡ್ಡಿಲ್ಲದಿದ್ದರೆ ಹೇಗಿರುತ್ತದೆ ಅಂತ ಅವತ್ತು ಬಹಳ ಹೊತ್ತು ಮಾತಾಯಿತು.

777 ಚಾರ್ಲಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅಳುತ್ತಾರೆ. ಮಾರನೇ ದಿನದಿಂದ ನಾಯಿ ಬೇಕು ಅಂತ ಹಟ ಶುರುವಾಗುತ್ತದೆ. ಮನೆ ಮಾಲೀಕರು ಒಪ್ಪದಿದ್ದರೆ ಆ ಸಿನಿಮಾದ ತಂಟೆಗೇ ಹೋಗಬೇಡಿ.

ಇನ್ನು ಮಕ್ಕಳು ಮಲಗಿದ ಮೇಲೆ ನೋಡಬೇಕಾದವು. ತೊಂಬತ್ತರ ದಶಕದ ಅಮೆರಿಕಾ ಅಮೆರಿಕಾ ಈಗ ಮತ್ತೆ ನೋಡಿದೆ. ಹಾಡುಗಳು ಇವತ್ತಿಗೂ ಚಿನ್ನ. ಕಥೆ ಮಾತ್ರ ಸ್ವಲ್ಪ ಇರಿಸುಮುರಿಸು ಮಾಡಿತು. ಹೊರಗೆ ಹೋದವನು ದುಡ್ಡಿನ ಹಿಂದೆ ಬಿದ್ದವನು, ಊರಲ್ಲಿ ಉಳಿದವನು ಬಂಗಾರದಂಥವನು. ಆಗ ಹಾಗೆ ಅನ್ನಿಸಿತ್ತೇನೋ, ಬಿಡಿ. ಗೋಧಿ ಬಣ್ಣ ಸಾಧಾರಣ ಮೈಕಟ್ಟು ಇನ್ನೂ ಹತ್ತಿರದ್ದು. ಮರೆವಿನ ಕಾಯಿಲೆಯ ತಂದೆ ಕಳೆದುಹೋಗುತ್ತಾರೆ, ಕೆಲಸದಲ್ಲೇ ಮುಳುಗಿದ ಮಗ ಹುಡುಕುತ್ತಾನೆ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಬಂದವರು ಇದನ್ನು ನಡುವೆ ಎದ್ದುಹೋಗಿ ನೀರು ಕುಡಿಯದೇ ನೋಡಲಾರರು. ಆದರೆ ಇವೆರಡೂ ನಮ್ಮ ಸಂಕಟದ ಸಿನಿಮಾಗಳು. ಮಕ್ಕಳಿಗೆ ತೋರಿಸಿ, ಪಕ್ಕದಲ್ಲಿ ಕಣ್ಣೊರೆಸಿಕೊಂಡು ಕೂತರೆ ಅವರಿಗೆ ತಲುಪುವುದು "ಅಪ್ಪ ಅಮ್ಮನಿಗೆ ಇಲ್ಲಿರೋದು ಇಷ್ಟ ಇಲ್ಲ" ಅನ್ನುವುದಷ್ಟೇ. ಅದು ಅವರು ಹುಟ್ಟಿದ ಊರು. ಆ ಭಾರ ಅವರ ತಲೆಗೆ ಯಾಕೆ?

ಸಬ್‌ಟೈಟಲ್ ಬಗ್ಗೆ ಕೆಲವರು ಕೇಳಿದ್ದಿರಿ. ನಾವು ಮೊದಲ ಸಲ ಹಾಕಿಯೇ ನೋಡುತ್ತೇವೆ. ಕರಾವಳಿಯ ಕನ್ನಡಕ್ಕೆ ನಮಗೇ ಬೇಕಾಗುತ್ತದೆ. ಇಷ್ಟವಾದ ಸಿನಿಮಾವನ್ನು ಮಕ್ಕಳು ಹೇಗೂ ಮತ್ತೆ ಮತ್ತೆ ಹಾಕುತ್ತಾರೆ, ಆಗ ತೆಗೆದುಬಿಡುತ್ತೇವೆ. ಕಥೆ ಗೊತ್ತಿರುವುದರಿಂದ ಕಿವಿ ತಾನಾಗಿ ಮಾತಿನ ಕಡೆ ಹೋಗುತ್ತದೆ. ಮಗ ಈಗ ಮಂಗಳೂರು ಕನ್ನಡದಲ್ಲಿ "ಎಂಥದು ಮಾರಾಯ" ಅಂತಾನೆ. ನಮ್ಮ ಅಮ್ಮನಿಗೆ ಇವನು ಯಾರ ಮೊಮ್ಮಗ ಅಂತಲೇ ಅನುಮಾನ.

ಮುಂದಿನ ತಿಂಗಳು ನಾಲ್ಕು ಮನೆಯವರು ಸೇರಿ ಮಕ್ಕಳಿಗೆ ಒಂದು ಸಿನಿಮಾ ಹಾಕೋಣ ಅಂತಿದ್ದೇವೆ. ಆರರಿಂದ ಹದಿನಾಲ್ಕರವರೆಗಿನ ಮಕ್ಕಳು. ಹೊಡೆದಾಟ ಕಡಿಮೆ, ನಗು ಜಾಸ್ತಿ ಇರಬೇಕು, ಎರಡೂವರೆ ಗಂಟೆ ದಾಟಬಾರದು. ಉತ್ತರ ಕರ್ನಾಟಕದ ಮಾತಿರುವ ಸಿನಿಮಾ ಯಾರಾದರೂ ಹೇಳಿದರೆ ಇನ್ನೂ ಒಳ್ಳೆಯದು, ಆ ಕಡೆಯದು ನಮ್ಮ ಪಟ್ಟಿಯಲ್ಲಿ ಒಂದೂ ಇಲ್ಲ.