ಅಪ್ಪಾ ಅಂದರೆ ಇಬ್ಬರು ತಿರುಗಿ ನೋಡಿದೆವು

ಕೊರಿಯಾದವರೂ ಅಪ್ಪ, ಅಮ್ಮ ಅಂತಾರೆ, ಹಾಗಾದರೆ ಅವರ ಭಾಷೆ ನಮ್ಮ ಕಡೆಯಿಂದಲೇ ಹೋಗಿದ್ದಲ್ವಾ ಅಂತ ನಿನ್ನೆ ಒಬ್ಬರು ಕೇಳಿದ್ದರು. ನನಗೂ ಮೊದಲು ಹಾಗೇ ಅನಿಸಿತ್ತು. ಒಂದು ಸಂಜೆ ಮಗಳನ್ನು ಕರೆತರಲು ಡೇಕೇರ್‌ಗೆ ಹೋಗಿದ್ದೆ. ಒಳಗಿಂದ "ಅಪ್ಪಾ" ಅಂತ ಕೂಗು ಬಂತು. ನಾನು ತಿರುಗಿದೆ, ಪಕ್ಕದಲ್ಲಿದ್ದ ಕೊರಿಯಾದವನೂ ತಿರುಗಿದ. ಕೂಗಿದ್ದು ಅವನ ಮಗ. ಆ ಮಗು ತಾಯಿಯನ್ನು ಕರೆಯುವುದು "ಒಮ್ಮಾ" ಅಂತ.

ಆದರೆ ಇಷ್ಟಕ್ಕೇ ನಂಟು ಕಟ್ಟೋಕಾಗಲ್ಲ. ಹಾಲು ಕುಡಿಯುವ ಕೂಸನ್ನು ಗಮನಿಸಿ. ತುಟಿ ಮುಚ್ಚಿರುತ್ತೆ, ಸದ್ದು ಬಂದರೆ ಮೂಗಿನಿಂದಲೇ ಬರಬೇಕು: "ಮ್‌ಮ್". ಆಮೇಲೆ ಹಸಿವಾದಾಗಲೂ ಅದೇ ಸದ್ದು. ಹಾಲು ಕೊಡುವವಳು ಅದು ತನ್ನನ್ನೇ ಕರೆದದ್ದು ಅಂದುಕೊಳ್ಳುತ್ತಾಳೆ, ಪದ ಹುಟ್ಟಿತು. ಭಾಷಾಶಾಸ್ತ್ರಜ್ಞ ರೋಮನ್ ಯಾಕೋಬ್ಸನ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನಾವು ಮಕ್ಕಳ ಊಟಕ್ಕೂ "ಮಮ್ಮು" ಅಂತೀವಲ್ಲ, ಅದನ್ನು ನೆನೆದರೆ ಅವರ ಮಾತು ಸರಿ ಅನಿಸುತ್ತೆ. ಅವರ ಮುಂದೆ ಜಾರ್ಜ್ ಮರ್ಡಾಕ್ ಅನ್ನುವವರು ಜಗತ್ತಿನ ನಾನಾ ಭಾಷೆಗಳಿಂದ ಕೂಡಿಹಾಕಿದ್ದ 1072 ಪದಗಳಿದ್ದವು, ಎಲ್ಲವೂ ತಾಯಿ ತಂದೆಯರಿಗೆ ಇರುವ ಪದಗಳೇ.

ಸದ್ದು ಒಂದೇ ಆದರೂ ಅದು ಯಾರ ಪಾಲಿಗೆ ಹೋಗುತ್ತೆ ಅನ್ನೋದು ದೊಡ್ಡವರ ಕೈಯಲ್ಲಿದೆ. ಹೀಬ್ರೂದಲ್ಲಿ ಅಪ್ಪ "ಅಬ್ಬಾ", ಅಮ್ಮ "ಇಮಾ". ಜಾರ್ಜಿಯಾದಲ್ಲಂತೂ ತಲೆಕೆಳಗು: "ಮಾಮಾ" ಅಂದರೆ ಅಪ್ಪ, "ದೇದಾ" ಅಂದರೆ ಅಮ್ಮ! ನಗಬೇಡಿ, ನಮ್ಮಲ್ಲೂ ಮಾಮ ಅಂದರೆ ಮೀಸೆ ಇರೋರೇ.

ನಂಟು ನೋಡಬೇಕು ಅಂದರೆ ಮಗುವಿನ ಬಾಯಿಗೆ ಸುಲಭವಾಗಿ ಬಾರದ ಪದ ಹಿಡಿಯಬೇಕು. ಸಂಸ್ಕೃತದ ಮಾತೃ, ಲ್ಯಾಟಿನ್ನಿನ ಮಾತೆರ್, ಇಂಗ್ಲಿಷಿನ ಮದರ್. ಮೊದಲಿನ "ಮಾ" ಕೂಸಿನದೇ ಇರಬಹುದು, ಬಾಲ ಮಾತ್ರ ಕೂಸಿನದಲ್ಲ. ಅದೇ ಬಾಲ ಪಿತೃ, ಪಾತೆರ್, ಫಾದರ್‌ನಲ್ಲೂ ಇದೆ. ಅಲ್ಲಿ ನಂಟು ನಿಜ. ಇನ್ನು ಎಣಿಕೆ ನೋಡಿ. ನಮ್ಮ ಮೂರು ತಮಿಳಿನಲ್ಲಿ ಮೂನ್ರು, ತೆಲುಗಿನಲ್ಲಿ ಮೂಡು. ಕೊರಿಯನ್ನಿನಲ್ಲಿ "ಸೇತ್". ಒಂದಕ್ಕೆ "ಹಾನಾ". ಎಲ್ಲಿಯ ಮೂರು, ಎಲ್ಲಿಯ ಸೇತ್?

ಈಗ ಮಗಳು ಸ್ಕೂಲಿಂದ "ಮಮ್ಮಿ" ಕಲಿತು ಬಂದಿದ್ದಾಳೆ. ಎಲ್ಲಾ ಒಂದೇ "ಮ್" ಕಣೇ ಅಂತ ನನ್ನ ಹೆಂಡತಿಗೆ ಹೇಳಿ ನೋಡಿದೆ, ಸುಮ್ನೆ ಬೈಸಿಕೊಂಡೆ. ಐಸ್‌ಲ್ಯಾಂಡಿನವರ ಮಾತಿನಲ್ಲಿ "ಅಮ್ಮ" ಅಂದರೆ ಅಜ್ಜಿ ಅಂತೆ ಅಂದಾಗ ಕೋಪ ಇನ್ನೂ ಜಾಸ್ತಿ ಆಯ್ತು. ಅಲ್ಲಿರುವ ಕನ್ನಡಿಗರು ಯಾರಾದರೂ ಇದ್ದೀರಾ? ಮಕ್ಕಳು ಪಾರ್ಕಿನಲ್ಲಿ "ಅಮ್ಮಾ" ಅಂತ ಕೂಗಿದರೆ ಅಕ್ಕಪಕ್ಕದವರು ನಿಮ್ಮ ಮುಖವನ್ನು ಹೇಗೆ ನೋಡುತ್ತಾರೆ, ಹೇಳಿ.